‘ಈಗ ಡೆಮೊ’ ಅಂತಷ್ಟೇ ಬರೆದಿದ್ದ ಸ್ಲೈಡು

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಪ್ರೋಗ್ರಾಮಿಂಗ್ ಭಾಷೆಯೊಂದರ ಸಮ್ಮೇಳನದಲ್ಲಿ ನಾನೂ ಮಾತಾಡಿದ್ದೆ. ಆಮೇಲೆ ಸ್ಲೈಡುಗಳನ್ನು ಎಲ್ಲರಿಗೂ ಹಂಚಿ, ನನ್ನ ಕೆಲಸ ಆಯ್ತು ಅಂದುಕೊಂಡೆ. ವಾರ ಕಳೆದ ಮೇಲೆ ಶ್ರವಣಬೆಳಗೊಳದಿಂದ ಒಬ್ಬ ವಿದ್ಯಾರ್ಥಿ ಫೋನ್ ಮಾಡಿದ. ‘ಸರ್, ಹನ್ನೆರಡನೇ ಸ್ಲೈಡಲ್ಲಿ ಈಗ ಡೆಮೊ ಅಂತಷ್ಟೇ ಇದೆ. ಅಲ್ಲಿ ಏನು ತೋರಿಸಿದ್ರಿ?’ ಬಸ್ ಚಾರ್ಜು, ಪ್ರವೇಶ ಶುಲ್ಕ ಎರಡನ್ನೂ ಹೊಂದಿಸಲಾಗದೆ ಆತ ಬಂದಿರಲಿಲ್ಲ. ನನ್ನ ಮಾತಿನ ತಿರುಳೇ ಆ ಡೆಮೊ. ಅದರ ಕೋಡನ್ನು ನಾನು ಎಲ್ಲೂ ಉಳಿಸಿರಲಿಲ್ಲ!

ಹಿಂದಿನವರು ಇದನ್ನು ಹೇಗೆ ನಿಭಾಯಿಸಿದ್ರು? 1978ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಇತಿಹಾಸ ಕುರಿತೇ ಮೊದಲ ಸಮ್ಮೇಳನ ನಡೆಯಿತು. ಫೋರ್ಟ್ರಾನ್ ಕಟ್ಟಿದ ಜಾನ್ ಬ್ಯಾಕಸ್, ಲಿಸ್ಪ್ ರೂಪಿಸಿದ ಜಾನ್ ಮೆಕಾರ್ಥಿ ಅಲ್ಲಿ ಮಾತಾಡಿದರು. 1981ರಲ್ಲಿ ಅದು ಪುಸ್ತಕವಾದಾಗ ಪ್ರಬಂಧಗಳ ಜೊತೆ ವೇದಿಕೆಯ ಮಾತು, ಸಭಿಕರ ಪ್ರಶ್ನೆ, ಕೊಟ್ಟ ಉತ್ತರ ಎಲ್ಲವೂ ಅಚ್ಚಾದವು. ಹಾಗಾಗಿ ಅವತ್ತು ಸಭೆಯಲ್ಲಿ ಇಲ್ಲದವರಿಗೂ ಅದು ಸಿಕ್ಕಿತು.

ಇನ್ನೂ ಹಳೆಯ ಪಾಠ ಆ ಹುಡುಗನ ಊರಲ್ಲೇ ಇದೆ ನೋಡಿ. ಬೆಳಗೊಳದ ಶಾಸನ ಓದಬೇಕಂದ್ರೆ ಒಂದು ಕಾಲದಲ್ಲಿ ಚಂದ್ರಗಿರಿ, ವಿಂಧ್ಯಗಿರಿ ಹತ್ತಲೇಬೇಕಿತ್ತು. 1889ರಲ್ಲಿ ಬಿ.ಎಲ್. ರೈಸ್ 144 ಶಾಸನಗಳನ್ನು ಪುಸ್ತಕ ಮಾಡಿದರು. ಬರೀ ಇಂಗ್ಲಿಷ್ ಅನುವಾದ ಕೊಟ್ಟು ಸುಮ್ಮನಾಗಲಿಲ್ಲ, ಮೂಲ ಪಾಠವನ್ನೂ ಜೊತೆಗಿಟ್ಟರು. ಮೂಲ ಕೈಲಿದ್ದರೆ ತಾನೇ ಬೇರೆಯವರು ತಾಳೆ ನೋಡಿ ತಿದ್ದೋಕಾಗೋದು? ಆರ್. ನರಸಿಂಹಾಚಾರ್ ಅವರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಶಾಸನಗಳು 500 ಆದವು. 1973ರ ಆವೃತ್ತಿಯಲ್ಲಿ 573.

ನಮ್ಮ ಸ್ಲೈಡು ಅನುವಾದದ ಹಾಗೆ, ಡೆಮೊದ ಕೋಡು ಮೂಲದ ಹಾಗೆ. ಕೋಡಿನ ಜೊತೆ ಭಾಷೆಯ ಯಾವ ಆವೃತ್ತಿ, ಯಾವ ಕಮಾಂಡ್, ಏನು ಉತ್ತರ ಬರಬೇಕು ಅನ್ನೋದನ್ನೂ ಬರೆದಿಡಬೇಕು. 2008ರ ಕೊನೆಯಲ್ಲಿ ಪೈಥಾನ್ 3 ಬಂದಾಗ, ಪೈಥಾನ್ 2ರಲ್ಲಿ ಸಲೀಸಾಗಿ ಓಡ್ತಿದ್ದ ‘ಪ್ರಿಂಟ್’ ಸಾಲೇ ಎರರ್ ಕೊಡ್ತು. ಆವೃತ್ತಿ ಬರೆಯದ ಡೆಮೊ ಕೆಲವೇ ವರ್ಷದಲ್ಲಿ ಓದಲಾಗದ ಶಾಸನ ಆಗಿಬಿಡುತ್ತೆ.

ಎರಡು ರಾತ್ರಿ ಕೂತು ಆ ಡೆಮೊವನ್ನು ಮತ್ತೆ ಬರೆದು ಹುಡುಗನಿಗೆ ಕಳಿಸಿದೆ. ಆತ ಓಡಿಸಿ ನೋಡಿ, ಅದರಲ್ಲೊಂದು ತಪ್ಪು ಹುಡುಕಿ ಹೇಳಿದ. ಅವತ್ತು ಸಭೆಯಲ್ಲಿ ಕೂತಿದ್ದವರು ಯಾರೂ ಅದನ್ನು ಹೇಳಿರಲಿಲ್ಲ.