ಒಂದೇ ಎಂಜಿನ್‌ನಿಂದ ವಿರುದ್ಧ ದಿಕ್ಕಿನಲ್ಲಿ ತಿರುಗುವ ಪ್ರೊಪೆಲ್ಲರ್‌ಗಳುಳ್ಳ ವಿಮಾನ

1. ಪೀಠಿಕೆ
ಗಾಳಿಯನ್ನು ಹಿಂದಕ್ಕೆ ತಳ್ಳಿ ವಿಮಾನವನ್ನು ಮುಂದಕ್ಕೆ ಸಾಗಿಸುವ ಸಾಧನಕ್ಕೆ ಪ್ರೊಪೆಲ್ಲರ್ ಎಂದು ಹೆಸರು. ಒಂದೇ ಎಂಜಿನ್‌ನಿಂದ ಎರಡು ಪ್ರೊಪೆಲ್ಲರ್‌ಗಳನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗಿಸುವ ವ್ಯವಸ್ಥೆಗೆ ಪ್ರಸಿದ್ಧ ನಿದರ್ಶನವೆಂದರೆ ಆರ್ವಿಲ್ ರೈಟ್ ಹಾಗೂ ವಿಲ್ಬರ್ ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನ. ಸದರಿ ವಿಮಾನದ ಬಗ್ಗೆ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

2. ಉದ್ದೇಶ
ಪ್ರೊಪೆಲ್ಲರ್ ಒಂದು ದಿಕ್ಕಿಗೆ ತಿರುಗುವಾಗ ವಿಮಾನದ ಒಡಲನ್ನು ಅದರ ವಿರುದ್ಧ ದಿಕ್ಕಿಗೆ ಹೊರಳಿಸುವ ಬಲವೊಂದು ಉಂಟಾಗುತ್ತದೆ. ಎರಡು ಪ್ರೊಪೆಲ್ಲರ್‌ಗಳು ವಿರುದ್ಧ ದಿಕ್ಕಿನಲ್ಲಿ ತಿರುಗಿದಲ್ಲಿ ಒಂದರ ಬಲವನ್ನು ಮತ್ತೊಂದು ಸರಿದೂಗಿಸುತ್ತದೆ. ಇದಲ್ಲದೆ, ದೊಡ್ಡ ಪ್ರೊಪೆಲ್ಲರ್‌ಗಳನ್ನು ನಿಧಾನವಾಗಿ ತಿರುಗಿಸುವುದರಿಂದ ಎಂಜಿನ್‌ನ ಅಲ್ಪ ಶಕ್ತಿಯ ಸದುಪಯೋಗವಾಗುತ್ತದೆ.

3. ರಚನೆ
ಸುಮಾರು 12 ಅಶ್ವಶಕ್ತಿಯ, ನಾಲ್ಕು ಸಿಲಿಂಡರ್‌ಗಳ ಎಂಜಿನ್ ಅನ್ನು ಕೆಳರೆಕ್ಕೆಯ ಮೇಲೆ, ಮಧ್ಯಭಾಗದಿಂದ ಬಲಕ್ಕೆ ಇರಿಸಲಾಗಿತ್ತು. ಚಾಲಕನು ಅದರ ಎಡಕ್ಕೆ ಮಲಗಿ ವಿಮಾನವನ್ನು ನಡೆಸಬೇಕಾಗಿತ್ತು. ಎಂಟೂವರೆ ಅಡಿ ವ್ಯಾಸದ ಎರಡು ಮರದ ಪ್ರೊಪೆಲ್ಲರ್‌ಗಳಿಗೆ ಸೈಕಲ್ಲಿನ ಮಾದರಿಯಲ್ಲಿ ಚೈನ್‌ಗಳ ಮೂಲಕ ಶಕ್ತಿಯನ್ನು ರವಾನಿಸಲಾಗುತ್ತಿತ್ತು. ಒಂದು ಚೈನ್ ನೇರವಾಗಿದ್ದು, ಮತ್ತೊಂದನ್ನು ಇಂಗ್ಲಿಷಿನ ಎಂಟರ ಅಂಕಿಯಂತೆ ಅಡ್ಡಹಾಯಿಸಿ ಜೋಡಿಸಿದ್ದರಿಂದ ಪ್ರೊಪೆಲ್ಲರ್‌ಗಳು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿದ್ದವು. ಚೈನ್‌ಗಳು ಅತ್ತಿತ್ತ ಹೊಯ್ದಾಡದಂತೆ ಅವುಗಳನ್ನು ಕೊಳವೆಗಳೊಳಗೆ ಹಾಯಿಸಲಾಗಿತ್ತು. ರೈಟ್ ಸಹೋದರರು ವೃತ್ತಿಯಿಂದ ಸೈಕಲ್ ತಯಾರಕರಾಗಿದ್ದರೆಂಬುದು ಗಮನಾರ್ಹ.

4. ಹಾರಾಟ
ಪರೀಕ್ಷೆಯ ವೇಳೆ ಪ್ರೊಪೆಲ್ಲರ್‌ನ ಟೊಳ್ಳು ದಂಡವು ಬಿರುಕು ಬಿಟ್ಟ ಕಾರಣ ಆರ್ವಿಲ್ ರೈಟ್ ಅವರು ಡೇಟನ್ ನಗರಕ್ಕೆ ಮರಳಿ ಗಟ್ಟಿ ಉಕ್ಕಿನ ದಂಡಗಳನ್ನು ಸಿದ್ಧಪಡಿಸಿ ತಂದರು. ತರುವಾಯ 1903ರ ಡಿಸೆಂಬರ್ 17ರಂದು ಉತ್ತರ ಕೆರೊಲಿನಾದ ಕಿಟ್ಟಿ ಹಾಕ್ ಸಮೀಪ ನಾಲ್ಕು ಹಾರಾಟಗಳು ನಡೆದವು. ಮೊದಲನೆಯದು 12 ಸೆಕೆಂಡುಗಳಲ್ಲಿ 120 ಅಡಿ, ಕೊನೆಯದು 59 ಸೆಕೆಂಡುಗಳಲ್ಲಿ 852 ಅಡಿ ದೂರವನ್ನು ಕ್ರಮಿಸಿತು.

5. ಇತಿಮಿತಿಗಳು
ಈ ವ್ಯವಸ್ಥೆಯಲ್ಲಿ ಎಂಜಿನ್ ನಿಂತಲ್ಲಿ ಎರಡೂ ಪ್ರೊಪೆಲ್ಲರ್‌ಗಳು ಒಟ್ಟಿಗೆ ನಿಲ್ಲುತ್ತವೆ. ಆದರೆ ಒಂದು ಪ್ರೊಪೆಲ್ಲರ್ ಅಥವಾ ಚೈನ್ ಮಾತ್ರ ಹಾನಿಗೊಂಡಲ್ಲಿ ಸಮತೋಲನವು ತಪ್ಪುತ್ತದೆ. 1908ರ ಸೆಪ್ಟೆಂಬರ್ 17ರಂದು ವರ್ಜೀನಿಯಾದ ಫೋರ್ಟ್ ಮೈಯರ್‌ನಲ್ಲಿ ಇದೇ ಬಗೆಯ ರೈಟ್ ವಿಮಾನದ ಪ್ರೊಪೆಲ್ಲರ್ ಬಿರುಕು ಬಿಟ್ಟು, ಚುಕ್ಕಾಣಿಯ ಬಿಗಿತಂತಿಗೆ ತಗುಲಿ, ವಿಮಾನವು ನೆಲಕ್ಕೆ ಅಪ್ಪಳಿಸಿತು. ಪ್ರಯಾಣಿಕರಾಗಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜ್ ಅವರು ಮೃತಪಟ್ಟರು. ಚಾಲಕ ಆರ್ವಿಲ್ ರೈಟ್ ಅವರು ತೀವ್ರವಾಗಿ ಗಾಯಗೊಂಡರು. ಯಂತ್ರಚಾಲಿತ ವಿಮಾನದ ಅಪಘಾತದಲ್ಲಿ ಸಂಭವಿಸಿದ ಪ್ರಥಮ ಸಾವು ಇದಾಗಿರುತ್ತದೆ.

6. ನಂತರದ ಬೆಳವಣಿಗೆ
ಮುಂದೆ ಚೈನ್‌ಗಳ ಬದಲಿಗೆ ಹಲ್ಲುಗಾಲಿಗಳ ಪೆಟ್ಟಿಗೆಯ ಮೂಲಕ, ಒಂದರ ಹಿಂದೊಂದರಂತೆ ಒಂದೇ ಅಕ್ಷದಲ್ಲಿರುವ ಎರಡು ಪ್ರೊಪೆಲ್ಲರ್‌ಗಳನ್ನು ವಿರುದ್ಧ ದಿಕ್ಕಿನಲ್ಲಿ ತಿರುಗಿಸುವ ಪದ್ಧತಿಯು ಬಳಕೆಗೆ ಬಂದಿತು. ಭಾರತೀಯ ನೌಕಾಪಡೆಯಲ್ಲಿ 1988ರಿಂದ 2017ರವರೆಗೆ ಸೇವೆಯಲ್ಲಿದ್ದ ಟುಪೊಲೆವ್-142 ವಿಮಾನದ ನಾಲ್ಕು ಎಂಜಿನ್‌ಗಳ ಪೈಕಿ ಪ್ರತಿಯೊಂದೂ ಇಂತಹ ಒಂದು ಜೋಡಿಯನ್ನು ತಿರುಗಿಸುತ್ತಿತ್ತು. ಸೇವೆಯಿಂದ ನಿವೃತ್ತಿಗೊಂಡ ಸದರಿ ಮಾದರಿಯ ಒಂದು ವಿಮಾನವನ್ನು ಕಾರವಾರಕ್ಕೆ ತಂದು, ಕಡಲತೀರದ ಯುದ್ಧನೌಕೆ ವಸ್ತುಸಂಗ್ರಹಾಲಯದ ಬಳಿ ಇರಿಸಲಾಗಿದೆ. ಆಸಕ್ತರು ಅಲ್ಲಿ ಈ ಜೋಡಣೆಯನ್ನು ಸಮೀಪದಿಂದ ಗಮನಿಸಬಹುದಾಗಿದೆ.