ಸಾಮಿಲ್ ಹೊಟ್ಟಿನಿಂದ ಹಿತ್ತಲಿನ ಸ್ಮೋಕರ್‌ವರೆಗೆ

ಹೋದ ಬೇಸಿಗೆಯಲ್ಲಿ ಒಂಬತ್ತು ಕೆ.ಜಿ.ಯ ಚೀಲವೊಂದನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಯೊಳಗೆ ಬಂದೆ. ಮಂಡ್ಯ ಕಡೆಯ ನಮ್ಮೂರಿಂದ ಒರೆಗಾನ್‌ಗೆ ಬಂದು ಆಗಷ್ಟೇ ಎರಡು ವಾರವಾಗಿದ್ದ ಅವ್ವ ಚೀಲದ ಬಾಯಿ ಬಿಚ್ಚಿದಳು, ಒಂದು ಹಿಡಿ ತೆಗೆದು ಮೂಸಿದಳು. "ಇಲ್ಲಿ ಯಾವ ಹಸ ಕಟ್ಟಿದ್ದೀಯಾ ಅಂತ ಫೀಡ್ ತಂದೆ ಮಗ?" ಅಂದಳು.

ಅದು ಫೀಡ್ ಅಲ್ಲ, ಸೌದೆ ಅಂದೆ. ಅವ್ವ ನನ್ನ ಮುಖವನ್ನೂ ಕೈಯಲ್ಲಿದ್ದ ಕಡ್ಡಿ ಚೂರುಗಳನ್ನೂ ನೋಡಿ ಒಳಗೆ ಹೋದಳು. ಅಸಲಿಗೆ ಪೆಲೆಟ್ ಸ್ಮೋಕರ್ ಅನ್ನೋ ಯಂತ್ರವನ್ನು ನಾನಿನ್ನೂ ಕೊಂಡೇ ಇರಲಿಲ್ಲ. ಡಿಸ್ಕೌಂಟ್ ಇತ್ತು ಅಂತ ಇಂಧನ ಮೊದಲು ಬಂದಿತ್ತು. ಯಾವ ಮಾಡೆಲ್ ತಗೊಳ್ಳೋದು ಅಂತ ಮೂರು ತಿಂಗಳಿಂದ ಸ್ಪ್ರೆಡ್‌ಶೀಟ್ ಮಾಡ್ತಾ ಕೂತಿದ್ದೆ. ಇಪ್ಪತ್ತು ಸಾಲು, ಹದಿನಾಲ್ಕು ಕಾಲಂ. ನಮ್ಮ ಕಸುಬಿನವರ ರೋಗ ನಿಮಗೆ ಗೊತ್ತೇ ಇದೆ.

ಆದರೆ ಅವ್ವ ಹೇಳಿದ್ದು ತಪ್ಪಲ್ಲ ಅಂತ ಆಮೇಲೆ ಗೊತ್ತಾಯ್ತು. ಮರದ ಪೆಲೆಟ್ ಮಾಡುವ ಯಂತ್ರ ಹುಟ್ಟಿದ್ದೇ ದನದ ಮೇವಿನ ಕಾರ್ಖಾನೆಯಲ್ಲಿ. ತೂತುಗಳಿರುವ ದಪ್ಪ ಉಕ್ಕಿನ ಅಚ್ಚು, ಅದರ ಮೇಲೆ ಉರುಳುವ ರೋಲರ್‌ಗಳು. ಹಿಂಡಿ, ಬೂಸ, ಜೋಳದ ನುಚ್ಚು ಹಾಕಿದರೆ ಆ ಕಡೆಯಿಂದ ಪಶು ಆಹಾರದ ಕಡ್ಡಿ ಬರುತ್ತೆ. ಡೈರಿಗೆ ಹಾಲು ಹಾಕುವ ಮನೆಯವರೆಲ್ಲ ನೋಡಿರೋದೇ. ಅದೇ ಅಚ್ಚಿಗೆ ಒಣಗಿದ ಮರದ ಹೊಟ್ಟು ಹಾಕಿದರೆ ಪೆಲೆಟ್. ಅಂಟು ಬೇಕಾಗಿಲ್ಲ. ಒತ್ತಡದ ಬಿಸಿಗೆ ಮರದೊಳಗಿನ ಲಿಗ್ನಿನ್ ಮೆತ್ತಗಾಗಿ, ತಣ್ಣಗಾದ ಮೇಲೆ ಅದೇ ಗೋಂದಾಗುತ್ತೆ.

ಯಂತ್ರದ ಕೆಲಸ ಸರಳ. ಪಕ್ಕದಲ್ಲಿ ಒಂದು ಪೆಟ್ಟಿಗೆ, ಅದರ ತುಂಬ ಪೆಲೆಟ್. ಕೆಳಗೆ ಒಂದು ಸುರುಳಿ ತಿರುಪು ತಿರುಗುತ್ತಾ ಅವನ್ನು ಸ್ವಲ್ಪ ಸ್ವಲ್ಪವೇ ಬೆಂಕಿ ಕುಡಿಕೆಗೆ ತಳ್ಳುತ್ತೆ. ಕೆಂಪಗೆ ಕಾಯುವ ಕಂಬಿಯೊಂದು ಹೊತ್ತಿಸುತ್ತೆ, ಸಣ್ಣ ಫ್ಯಾನ್ ಊದುತ್ತೆ. ನಮ್ಮೂರಲ್ಲಿ ಊದುಕೊಳವೆ ಹಿಡಿದು ಅಜ್ಜಿ ಮಾಡ್ತಿದ್ದ ಕೆಲಸ ಅದು. ಮುಚ್ಚಿದ ಪೆಟ್ಟಿಗೆಯೊಳಗೆ ಸುಮಾರು 110 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮಾಂಸ ಗಂಟೆಗಟ್ಟಲೆ ಹೊಗೆ ಕುಡಿದು ಬೇಯುತ್ತೆ.

ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಪದ್ಧತಿ ಅಮೆರಿಕದಲ್ಲಿ ಯಂತ್ರಕ್ಕಿಂತ ಬಹಳ ಹಳೆಯದು. ಬಾರ್ಬೆಕ್ಯೂ ಅನ್ನೋ ಪದವೇ ಕೆರಿಬಿಯನ್ ದ್ವೀಪಗಳ ಟೈನೋ ಜನರ ಭಾಷೆಯಿಂದ ಸ್ಪ್ಯಾನಿಷ್‌ನ 'ಬಾರ್ಬಕೋವಾ' ಮೂಲಕ ಬಂದದ್ದು. ಬೆಂಕಿಯ ಮೇಲೆ ಕಟ್ಟುವ ಕಡ್ಡಿಗಳ ಅಟ್ಟ ಅದು. ವರ್ಜೀನಿಯಾ, ಕೆರೊಲಿನಾಗಳಲ್ಲಿ ನೆಲ ಅಗೆದು, ರಾತ್ರಿಯಿಡೀ ಕೆಂಡ ಹರಡಿ, ಇಡೀ ಹಂದಿಯನ್ನು ಬೇಯಿಸಿದವರು ಹೆಚ್ಚಾಗಿ ಗುಲಾಮರಾಗಿದ್ದ ಕಪ್ಪು ಜನ. ನಿದ್ದೆಗೆಟ್ಟವರು ಒಬ್ಬರು, ಊಟಕ್ಕೆ ಕೂತವರು ಇನ್ನೊಬ್ಬರು. ಟೆಕ್ಸಾಸ್‌ನಲ್ಲಿ ಜರ್ಮನ್, ಚೆಕ್ ವಲಸಿಗರ ಕಸಾಯಿ ಅಂಗಡಿಗಳು ಉಳಿದ ಮಾಂಸವನ್ನು ಹೊಗೆಗಿಟ್ಟು ಮಾರಿದವು. ಲಾಕ್‌ಹಾರ್ಟ್‌ನ ಕ್ರೈಟ್ಸ್ ಮಾರ್ಕೆಟ್ ಶುರುವಾಗಿದ್ದು 1900ರಲ್ಲಿ.

ಇದು ಹಿತ್ತಲಿಗೆ ಬಂದದ್ದು ಮಾತ್ರ ಕಾರ್ಖಾನೆಗಳ ಮೂಲಕ. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರಿಗೆ ಬೇಕಾದಷ್ಟು ಮರ ಬೇಕಿತ್ತು. ಮಿಶಿಗನ್‌ನ ಕಾಡಿನಲ್ಲಿ ಮರ ಕೊಯ್ದು ಉಳಿದ ಚೂರುಪಾರನ್ನು ಎಸೆಯೋಕೆ ಆತನಿಗೆ ಮನಸ್ಸಾಗಲಿಲ್ಲ. 1920ರ ದಶಕದಲ್ಲಿ ಅದನ್ನೇ ಸುಟ್ಟು, ಪುಡಿ ಮಾಡಿ, ಒತ್ತಿ ಇದ್ದಿಲು ಬಿಲ್ಲೆ ಮಾಡಿಸಿದ. ಕಾರು ಮಾರುವ ಅಂಗಡಿಯಲ್ಲೇ ಇದ್ದಿಲೂ ಸಿಗ್ತಿತ್ತು! ಇವತ್ತು ಅದೇ ಕಿಂಗ್ಸ್‌ಫೋರ್ಡ್ ಬ್ರ್ಯಾಂಡ್. 1952ರಲ್ಲಿ ಶಿಕಾಗೋ ಹತ್ತಿರ ಜಾರ್ಜ್ ಸ್ಟೀಫನ್ ಅನ್ನುವವನು, ತಾನು ಕೆಲಸ ಮಾಡ್ತಿದ್ದ ವೆಬರ್ ಲೋಹದ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲಿಬಿಡುವ ಬೋಯ್‌ಗೆ ಮಾಡುವ ಗೋಳವನ್ನು ಎರಡು ಹೋಳು ಮಾಡಿ, ಒಂದನ್ನು ಒಲೆ, ಇನ್ನೊಂದನ್ನು ಮುಚ್ಚಳ ಮಾಡಿದ. ಯುದ್ಧ ಮುಗಿದಿತ್ತು, ಊರ ಹೊರಗೆ ಹೊಸ ಬಡಾವಣೆಗಳು, ಮನೆಗೊಂದು ಹಿತ್ತಲು.

ಈಗ ಒರೆಗಾನ್‌ಗೆ ಬರೋಣ. ನನಗೆ ಈ ಕಥೆಯಲ್ಲಿ ಜೀವ ಇರೋದು ಇಲ್ಲೇ.

ಇದು ಮರದ ಸೀಮೆ. ಡಗ್ಲಸ್ ಫರ್ ಅನ್ನೋ ಮರ, ಸಾಮಿಲ್‌ಗಳು, ಸಾಮಿಲ್ ಇದ್ದಲ್ಲಿ ಬೆಟ್ಟದಷ್ಟು ಹೊಟ್ಟು. ಮೊದಲು ಆ ಹೊಟ್ಟನ್ನು ಸುಮ್ಮನೆ ಸುಡ್ತಿದ್ದರು. ಅದಕ್ಕಂತಲೇ ತಗಡಿನ ದೊಡ್ಡ ಶಂಕುವಿನಾಕಾರದ ಗೂಡುಗಳು, ತಲೆಯ ಮೇಲೆ ಜಾಲರಿ. ವಿಗ್‌ವಾಮ್ ಬರ್ನರ್ ಅಂತ ಹೆಸರು. ಹಗಲೂ ರಾತ್ರಿ ಕಿಡಿ, ಹೊಗೆ. 1970ರ ಶುದ್ಧಗಾಳಿ ಕಾಯ್ದೆ ಬಿಗಿಯಾದ ಮೇಲೆ ಅವು ಒಂದೊಂದೇ ಆರಿದವು. ಹಳ್ಳಿ ರಸ್ತೆಗಳಲ್ಲಿ ಹೋದರೆ ತುಕ್ಕು ಹಿಡಿದು ನಿಂತಿರೋದು ಈಗಲೂ ಒಂದೊಂದು ಕಾಣುತ್ತೆ. ಮೊದಲ ಸಲ ನೋಡಿದಾಗ ಯಾವುದೋ ದೇವಸ್ಥಾನ ಅಂದುಕೊಂಡಿದ್ದೆ.

ನಮ್ಮ ಕಡೆ ಹೊಟ್ಟನ್ನು ಯಾರೂ ಹೀಗೆ ಸುಡ್ತಿರಲಿಲ್ಲ, ಅದು ದುಡ್ಡಿನ ಪದಾರ್ಥ. ನಿಮ್ಮಲ್ಲಿ ಕೆಲವರಿಗಾದರೂ ಹೊಟ್ಟಿನ ಒಲೆ ನೆನಪಿರಬಹುದು. ತಗಡಿನ ಡಬ್ಬದ ನಡುವೆ ಒಂದು ಬಾಟಲಿ ನಿಲ್ಲಿಸಿ, ಬುಡದ ತೂತಿನಿಂದ ಒಂದು ಕೋಲು ತೂರಿಸಿ, ಸುತ್ತಲೂ ಹೊಟ್ಟು ಗಿಡಿದು ತುಂಬೋದು. ಆಮೇಲೆ ಬಾಟಲಿ, ಕೋಲು ಎರಡನ್ನೂ ಹುಷಾರಾಗಿ ಎಳೆದರೆ ಒಳಗೆ ಗಾಳಿಗೆ ದಾರಿ. ಕೆಳಗಿಂದ ಕಿಚ್ಚು ಕೊಟ್ಟರೆ ಒಂದು ಹೊತ್ತಿನ ಅಡುಗೆ ನಿಶ್ಚಿಂತೆ. ಸರಿಯಾಗಿ ಗಿಡಿಯದಿದ್ದರೆ ನಡುವೆ ಕುಸಿದು ಮನೆ ತುಂಬ ಹೊಗೆ. ಶನಿವಾರ ಸಾಮಿಲ್‌ನಿಂದ ಸೈಕಲ್ ಮೇಲೆ ಹೊಟ್ಟಿನ ಮೂಟೆ ತರೋದು ನನ್ನ ಪಾಲಿನ ಕೆಲಸವಾಗಿತ್ತು.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದವು. ಬ್ಯಾರೆಲ್‌ಗೆ ಮೂರು ಡಾಲರ್ ಇದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯ್ತು. ಚಳಿ ದೇಶದಲ್ಲಿ ಮನೆ ಕಾಯಿಸೋದು ಹೇಗೆ? ಆಗ ಎಲ್ಲರ ಕಣ್ಣು ಸಾಮಿಲ್ ಹೊಟ್ಟಿನ ಮೇಲೆ ಬಿತ್ತು. ದಶಕ ಮುಗಿಯುವ ಹೊತ್ತಿಗೆ ಇಲ್ಲಿ ಹೊಟ್ಟನ್ನು ಪೆಲೆಟ್ ಮಾಡುವ ಕಾರ್ಖಾನೆ ಬಂತು, ಮೊದಲು ದೊಡ್ಡ ಬಾಯ್ಲರ್‌ಗಳಿಗೆ. 1980ರ ದಶಕದ ಮೊದಲ ಭಾಗದಲ್ಲಿ ಪಕ್ಕದ ವಾಷಿಂಗ್ಟನ್ ರಾಜ್ಯದ ಜೆರ್ರಿ ವಿಟ್‌ಫೀಲ್ಡ್ ಎಂಬ ವಿಮಾನದ ಇಂಜಿನಿಯರ್ ಮನೆಯೊಳಗಿಡುವ ಪೆಲೆಟ್ ಒಲೆ ಮಾಡಿದ.

ಇನ್ನು ಮೌಂಟ್ ಏಂಜೆಲ್. ನಮ್ಮ ಮನೆಯಿಂದ ಕಾರಲ್ಲಿ ಒಂದು ಗಂಟೆ ದಾರಿ, ನಾಲ್ಕು ಸಾವಿರ ಜನರೂ ಇಲ್ಲದ ಊರು. ಗುಡ್ಡದ ಮೇಲೆ ಸ್ವಿಟ್ಜರ್‌ಲೆಂಡಿನ ಸನ್ಯಾಸಿಗಳು 1882ರಲ್ಲಿ ಶುರು ಮಾಡಿದ ಮಠ, ಕೆಳಗೆ ಜರ್ಮನ್ ಮೂಲದ ರೈತರು. ಅಲ್ಲಿ ಟ್ರೇಗರ್ ಅನ್ನೋ ಕುಟುಂಬ ಮನೆ ಕಾಯಿಸುವ ಉಪಕರಣಗಳ ವ್ಯಾಪಾರ ಮಾಡ್ತಿತ್ತು. ಎಣ್ಣೆ ಬೆಲೆ ಮತ್ತೆ ಇಳಿದಾಗ ಪೆಲೆಟ್ ಒಲೆಯ ಬೇಡಿಕೆಯೂ ಆಡುತ್ತಾ ಇತ್ತು, ಮೇಲಾಗಿ ಅದು ಚಳಿಗಾಲದ ವ್ಯಾಪಾರ. 1985ರ ಜುಲೈ ನಾಲ್ಕರಂದು ಜೋ ಟ್ರೇಗರ್ ಗ್ಯಾಸ್ ಗ್ರಿಲ್ ಮೇಲೆ ಕೋಳಿ ಇಟ್ಟು ಒಳಗೆ ಹೋಗಿ ಬರೋದರೊಳಗೆ ಎಲ್ಲಾ ಹೊತ್ತಿ ಉರೀತಿತ್ತಂತೆ. ಇದು ಕಂಪನಿಯವರು ಹೇಳುವ ಕಥೆ, ಜಾಹೀರಾತಿನ ಮಸಾಲೆ ಎಷ್ಟಿದೆಯೋ. ಚಳಿಗಾಲದ ಒಲೆಯ ತಿರುಪನ್ನು ಬೇಸಿಗೆಯ ಅಡುಗೆಗೆ ತಿರುಗಿಸಿದ್ದಂತೂ ನಿಜ. ಪೇಟೆಂಟ್ ಕೂಡ ಬಂತು. ಸುಮಾರು ಇಪ್ಪತ್ತು ವರ್ಷ ಬೇರೆ ಯಾರೂ ಈ ಯಂತ್ರ ಮಾಡುವಂತಿರಲಿಲ್ಲ. 2006ರ ಹೊತ್ತಿಗೆ ಪೇಟೆಂಟ್ ಅವಧಿ ಮುಗಿಯಿತು, ಕುಟುಂಬವೂ ಕಂಪನಿ ಮಾರಿತು. ಆಮೇಲೆ ಬಂದ ಹತ್ತಾರು ಬ್ರ್ಯಾಂಡ್‌ಗಳೇ ನನ್ನ ಸ್ಪ್ರೆಡ್‌ಶೀಟ್‌ನ ಇಪ್ಪತ್ತು ಸಾಲು. ಮೂಲ ಕಂಪನಿ 2021ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದಾಗ ಅದರ ಷೇರಿನ ಗುರುತು 'ಕುಕ್'.

ಹಳೆಯ ಯಂತ್ರಗಳಿಗೆ ಮೂರೇ ಸ್ಥಾನದ ಒಂದು ಸ್ವಿಚ್ ಇರ್ತಿತ್ತು. ಕಡಿಮೆ, ಮಧ್ಯಮ, ಜಾಸ್ತಿ. ತಿರುಪು ಇಷ್ಟು ಸೆಕೆಂಡು ತಿರುಗಬೇಕು, ಇಷ್ಟು ಸೆಕೆಂಡು ನಿಲ್ಲಬೇಕು, ಅಷ್ಟೇ. ಗಾಳಿ ಬೀಸಲಿ, ಮಳೆ ಬರಲಿ, ಅದಕ್ಕೆ ಸಂಬಂಧವಿಲ್ಲ. ಈಗಿನ ಬಹುಪಾಲು ಯಂತ್ರಗಳಲ್ಲಿ ಪಿಐಡಿ ಕಂಟ್ರೋಲರ್ ಇದೆ. ಬಿಇ ಓದಿದವರು ಕಂಟ್ರೋಲ್ ಸಿಸ್ಟಮ್ಸ್ ಪೇಪರನ್ನು ಹೇಗೆ ಪಾಸು ಮಾಡಿದಿರಿ ಅಂತ ಕೇಳಲ್ಲ, ನಾನೂ ಹೇಳಲ್ಲ. ಇದರ ಸಿದ್ಧಾಂತವನ್ನು 1922ರಲ್ಲಿ ಬರೆದವನು ನಿಕೊಲಾಸ್ ಮಿನೋರ್ಸ್ಕಿ, ಅಮೆರಿಕದ ನೌಕಾಪಡೆಗೆ ಹಡಗು ತಾನೇ ದಿಕ್ಕು ಹಿಡಿಯುವಂತೆ ಮಾಡೋಕೆ. ಚುಕ್ಕಾಣಿ ಹಿಡಿದ ಅನುಭವಿ ನಾವಿಕರನ್ನು ಗಮನಿಸಿ ಅವನು ಕಂಡುಕೊಂಡದ್ದು ಇದು: ಅವರು ಹಡಗು ಈಗ ಎಷ್ಟು ವಾಲಿದೆ ಅಂತ ಮಾತ್ರ ನೋಡಲ್ಲ, ಎಷ್ಟು ಹೊತ್ತಿನಿಂದ ವಾಲುತ್ತಿದೆ, ಎಷ್ಟು ವೇಗವಾಗಿ ವಾಲುತ್ತಿದೆ ಅಂತಲೂ ನೋಡ್ತಾರೆ. ಆ ಮೂರನ್ನೇ ಗಣಿತ ಮಾಡಿದ.

ಇದನ್ನ ಓದಿದ ರಾತ್ರಿ ನನಗೆ ಮುದ್ದೆ ಎಸರು ನೆನಪಾಯ್ತು. ಅವ್ವ ಎಸರು ಉಕ್ಕಿದ ಮೇಲೆ ಕೊಳ್ಳಿ ಎಳೀತಿರಲಿಲ್ಲ, ಉಕ್ಕೋಕೆ ಹೊರಟಾಗಲೇ ಎಳೀತಿದ್ದಳು. ಸೌದೆ ಹಸಿ ಇದ್ದ ದಿನ ಎರಡು ಕೊಳ್ಳಿ ಮೊದಲೇ ಜಾಸ್ತಿ ಇಡ್ತಿದ್ದಳು.

ಟೆಕ್ಸಾಸ್ ಕಡೆಯ ಹಳಬರಿಗೆ ಈ ಯಂತ್ರ ಕಂಡರೆ ಆಗಲ್ಲ. ಕೊಂಚ ಸತ್ಯವೂ ಇದೆ. ಒಣ ಪೆಲೆಟ್‌ಗೆ ಫ್ಯಾನ್ ಗಾಳಿ ಕೊಟ್ಟರೆ ಪೂರ್ತಿ ಉರಿಯುತ್ತೆ, ಹೊಗೆ ಕಡಿಮೆ. ಪಕ್ಕಕ್ಕೆ ಬೆಂಕಿಪೆಟ್ಟಿಗೆ ಇರುವ ಆಫ್‌ಸೆಟ್ ಸ್ಮೋಕರ್‌ನಲ್ಲಿ ಓಕ್ ತುಂಡು ಉರಿಸಿದಷ್ಟು ಘಾಟು ಬರಲ್ಲ. ಆದರೆ ಮಾಂಸ ಬೇಯುವ ವಿಜ್ಞಾನ ಎರಡರಲ್ಲೂ ಒಂದೇ. ಗಟ್ಟಿ ಭಾಗದ ಕೊಲಾಜನ್ ನಿಧಾನವಾಗಿ ಜೆಲಟಿನ್ ಆಗಬೇಕು. ಒಳಗಿನ ಬಿಸಿ 70 ಡಿಗ್ರಿ ಆಸುಪಾಸಿಗೆ ಬಂದಾಗ ಗಂಟೆಗಟ್ಟಲೆ ಮುಂದಕ್ಕೇ ಹೋಗಲ್ಲ, ಹೊಸಬರು ಯಂತ್ರ ಕೆಟ್ಟಿತು ಅಂದುಕೊಳ್ತಾರೆ. ಮಾಂಸ ಬೆವರುತ್ತಿರುತ್ತೆ ಅಷ್ಟೇ. ಮಣ್ಣಿನ ಮಡಕೆಯ ನೀರು ತಂಪಾಗುವ ಕಾರಣವೇ ಇದಕ್ಕೂ.

ನನ್ನ ತಕರಾರು ಬೇರೆ ಇತ್ತು. ಮೂರು ವರ್ಷದ ಹಿಂದೆ ಮೈಸೂರಿನ ಡಾಕ್ಟರೊಬ್ಬರು ಅವ್ವನ ಎದೆಗೆ ಸ್ಟೆತಸ್ಕೋಪ್ ಇಟ್ಟು, "ಇವರು ಬೀಡಿ ಸೇದ್ತಿದ್ರಾ?" ಅಂತ ಅಪ್ಪನ ಕಡೆ ತಿರುಗಿ ಕೇಳಿದರು. ಅಪ್ಪ ನಕ್ಕುಬಿಟ್ಟರು. ಅವ್ವ ನಗಲಿಲ್ಲ. ಬೀಡಿ ಅಲ್ಲ, ಒಲೆ. ನಲವತ್ತು ವರ್ಷದ ಸೌದೆ ಹೊಗೆ. ಸಿಒಪಿಡಿ ಅಂತ ಚೀಟಿ ಬರೆದರು, ಇನ್‌ಹೇಲರ್ ಕೊಟ್ಟರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಶುರು ಮಾಡಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆ ನಮ್ಮ ಮನೆಯಲ್ಲೂ ಇತ್ತು, ಮೂರು ಪಾತ್ರೆ ಕೂರುವಂಥದ್ದು. ಹೊಗೆ ಚಿಮಣಿಯಲ್ಲಿ ಹೊರಗೆ ಹೋಗ್ತಿತ್ತು, ಸೌದೆಯೂ ಉಳೀತಿತ್ತು. ಮಾಡು ರಿಪೇರಿ ಮಾಡಿಸುವಾಗ ಚಿಮಣಿ ಕಿತ್ತರು. ಮತ್ತೆ ಕಟ್ಟಿಸಲಿಲ್ಲ. ಬೋರ್‌ವೆಲ್ ಮೊದಲು ಅಂದರು ಅಪ್ಪ. ಆಮೇಲೆ ನನ್ನ ಹಾಸ್ಟೆಲ್ ಫೀಸು ಮೊದಲಾಯ್ತು. ಒಂದು ಕಡೆ ಹೊಗೆಯನ್ನು ಅಡುಗೆಮನೆಯಿಂದ ಓಡಿಸೋಕೆ ವಿಜ್ಞಾನಿಗಳು ವರ್ಷಗಟ್ಟಲೆ ಕೂತಿದ್ದರು. ಇನ್ನೊಂದು ಕಡೆ ಅದೇ ಹೊಗೆ ಸಾಲದು ಅಂತ ಸಾವಿರ ಡಾಲರ್ ಕೊಡೋಕೆ ನಾನು ಕ್ಯೂನಲ್ಲಿ ನಿಂತಿದ್ದೆ. ಅವ್ವ ಆರು ತಿಂಗಳು ಇರೋಕೆ ಬಂದಿದ್ದಳು, ಹಿತ್ತಲ ಬಾಗಿಲು ಅವಳ ರೂಮಿನ ಪಕ್ಕದಲ್ಲೇ.

ಹೆಂಡತಿ ಹೇಳಿದಳು, "ರೀ, ಅವರು ವಾಪಸ್ ಹೋಗೋತನಕ ಬೇಡ ಬಿಡಿ." ಸ್ಪ್ರೆಡ್‌ಶೀಟ್ ಮುಚ್ಚಿಟ್ಟೆ. ಎರಡು ವಾರ ಬಿಟ್ಟು ಮತ್ತೆ ತೆರೆದಾಗ ಕಾಲಂಗಳ ಕ್ರಮ ತಿರುಗಿಹೋಗಿತ್ತು. 'ಹೊಗೆ ಸಾಲದು' ಅಂತ ಬಳಸಿದವರು ಬೈದ ಮಾಡೆಲ್‌ಗಳನ್ನೇ ಮೇಲೆ ಹಾಕಿದೆ. ಒಳ್ಳೆ ಪಿಐಡಿ, ಮುಚ್ಚಳದ ಸುತ್ತ ಗ್ಯಾಸ್ಕೆಟ್, ಗಾಳಿಗೆ ಬಗ್ಗದ ದಪ್ಪ ತಗಡು, ಪ್ರತಿ ಸಲ ಬೂದಿ ತೆಗೆಯೋಕೆ ಸುಲಭವಾದ ಕುಡಿಕೆ. ಬೂದಿ ಕಟ್ಟಿಕೊಂಡರೇ ಸರಿಯಾಗಿ ಹೊತ್ತದೆ ಹೊಗೆಯೋದು. ವೈಫೈ ಇರೋದು ಬಿಡೋದು ಕೊನೆಯ ಕಾಲಂ. ಪೆಲೆಟ್ ಚೀಲ ಮಾತ್ರ ಗ್ಯಾರೇಜಿನ ಎತ್ತರದ ಶೆಲ್ಫ್ ಮೇಲೆ, ಯಾಕಂದ್ರೆ ಒದ್ದೆಯಾದರೆ ಮತ್ತೆ ಹೊಟ್ಟೇ. ಈ ಮಳೆ ಊರಲ್ಲಿ ಅದು ಒಂದು ರಾತ್ರಿಯ ಕೆಲಸ. ಯಂತ್ರವನ್ನು ಬೇಲಿಯ ಆ ತುದಿಗೆ ಇಟ್ಟೆ. ಹೊತ್ತಿಸುವ ಮೊದಲ ಹತ್ತು ನಿಮಿಷ ಬಿಳಿ ಹೊಗೆ ಬರುತ್ತೆ, ಆಗ ಅವ್ವ ಒಳಗಿರಬೇಕು ಅಂತ ಕರಾರು.

ಮೊದಲ ದಿನ ಆಡಿನ ತೊಡೆ. ಹಿಂದಿನ ರಾತ್ರಿ ಮಸಾಲೆ ಅರೆದು ಹಚ್ಚಿದ್ದು ಅವ್ವ. ಬೆಳಗ್ಗೆ ಇಟ್ಟು, ಮಧ್ಯಾಹ್ನ ಮೀಟಿಂಗ್‌ಗೆ ಕೂತೆ. ಮೊಬೈಲಿನಲ್ಲಿ ಗೆರೆ ಅಲುಗಾಡದೆ ನಿಂತಿತ್ತು, 110, 110, 111. ಇದ್ದಕ್ಕಿದ್ದಂತೆ 80ಕ್ಕೆ ಬಿತ್ತು. ಯಂತ್ರ ಆರಿಹೋಯ್ತಾ ಅಂತ ಹೆಡ್‌ಫೋನ್ ಕಿತ್ತು ಕಿಟಕಿಯಲ್ಲಿ ನೋಡಿದರೆ, ಅವ್ವ ಮುಚ್ಚಳ ತೆಗೆದು ನಿಂತಿದ್ದಾಳೆ. ಮೂಗಿಗೆ ಸೆರಗು ಮುಚ್ಚಿಕೊಂಡು, ಇನ್ನೊಂದು ಕೈಯ ಎರಡು ಬೆರಳಲ್ಲಿ ಮೂಳೆ ಹಿಡಿದು ಅಲ್ಲಾಡಿಸಿ ನೋಡ್ತಿದ್ದಾಳೆ.

"ಇನ್ನೂ ಒಂದ್ ಗಂಟೆ ಬೇಕು ಕಣ್ಲಾ," ಅಂದಳು ಕಿಟಕಿ ಕಡೆ ತಿರುಗಿ. "ಉರಿ ಜಾಸ್ತಿ ಮಾಡಬ್ಯಾಡ."