ಲಷ್ಕರ್ ಮೊಹಲ್ಲಾದ ಕರ್ನಲನೂ 1829ರ ಕಾಯಿದೆಯೂ

ಲಷ್ಕರ್ ಎಂದರೆ ಸೈನ್ಯ. ನಾವು ದಿನನಿತ್ಯ ಉಚ್ಚರಿಸುವ ಈ ಮೊಹಲ್ಲಾದ ಹೆಸರೇ ದಂಡಿನ ನೆನಪನ್ನು ತರುತ್ತದೆ. ಇರ್ವಿನ್ ರಸ್ತೆಯಲ್ಲಿರುವ ವೆಲ್ಲಿಂಗ್ಟನ್ ಲಾಡ್ಜ್ ಎಂಬ ಹಳೆಯ ಕಟ್ಟಡವನ್ನು ಭಕ್ತಾದಿಗಳಲ್ಲಿ ಅನೇಕರು ಕಂಡಿರಬಹುದು. ಶ್ರೀರಂಗಪಟ್ಟಣದ ಪತನಾನಂತರ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅಲ್ಲಿ ವಾಸವಾಗಿದ್ದನೆಂದು ಹೇಳುವುದುಂಟು. ಈತನೇ ಮುಂದೆ ವೆಲ್ಲಿಂಗ್ಟನ್ ಡ್ಯೂಕನಾಗಿ, 1815ರ ಜೂನ್ 18ರಂದು ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಆ ಕಥೆ ಶಾಲಾಬಾಲಕರಿಗೂ ತಿಳಿದಿದೆ. ಆದರೆ ಕಥೋಲಿಕರಾದ ನಮಗೆ ಆತನೊಡನೆ ಇರುವ ಸಂಬಂಧ ಬೇರೆಯದು. ಅದನ್ನು ಅರಿತವರು ವಿರಳ.

ಆರ್ಥರ್ ವೆಲ್ಲೆಸ್ಲಿ 1769ರಲ್ಲಿ ಐರ್ಲೆಂಡಿನ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದನು. ಕುಟುಂಬ ಪ್ರೊಟೆಸ್ಟಂಟ್ ಪಂಥದ್ದು. ಸುತ್ತಲಿನ ಬಡ ರೈತರು ಬಹುಪಾಲು ಕಥೋಲಿಕರು. 1797ರಲ್ಲಿ 33ನೆಯ ರೆಜಿಮೆಂಟಿನೊಡನೆ ಕಲ್ಕತ್ತೆಗೆ ಬಂದಿಳಿದನು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕತ್ತಲೆಯಲ್ಲಿ ದಾರಿ ತಪ್ಪಿ ಹಿಮ್ಮೆಟ್ಟಬೇಕಾಯಿತು. ಆ ಸೋಲನ್ನು ಆತ ಮರೆಯಲಿಲ್ಲ. ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಸುಲ್ತಾನರು ಮಡಿದರು. ಪಟ್ಟಣದ ಆಡಳಿತ ಕರ್ನಲನ ಕೈ ಸೇರಿತು. ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ ಕಮಿಷನ್ನಿನ ಸದಸ್ಯರಲ್ಲಿ ಆತನೂ ಒಬ್ಬನಾಗಿದ್ದನು. ಈ ಬಾಲಕನನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. (ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಈತನ ಹೆಸರೆಂದು ಹಲವರು ಭಾವಿಸಿದ್ದಾರೆ. ದಿವಾನ್ ಪೂರ್ಣಯ್ಯನವರು ಅದಕ್ಕಿಟ್ಟದ್ದು ಈತನ ಅಣ್ಣ, ಗವರ್ನರ್ ಜನರಲ್ ಮಾರ್ಕ್ವೆಸ್ ವೆಲ್ಲೆಸ್ಲಿಯ ಹೆಸರು.)

ಆತನನ್ನು ಸಂತನನ್ನಾಗಿ ಚಿತ್ರಿಸುವ ಇಚ್ಛೆ ನನಗಿಲ್ಲ. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದು ದಂಡು ಕಟ್ಟಿದ ಧೋಂಡಿಯಾ ವಾಘನನ್ನು ತಿಂಗಳುಗಟ್ಟಲೆ ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಮುಗಿಸಿದನು. ಆದರೆ ಸೋತವರ ಸಾಮಾನುಗಳ ನಡುವೆ ಸಿಕ್ಕ ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನನನ್ನು ತಾನೇ ಸಾಕಿದನು. ಈ ದೇಶ ಬಿಡುವಾಗ ಅವನ ಪೋಷಣೆಗೆ ಹಣವನ್ನೂ ಇಟ್ಟುಹೋದನು.

ಕ್ರೈಸ್ತರ ವಿಷಯಕ್ಕೆ ಬರೋಣ. 1784ರಲ್ಲಿ ಕೆನರಾ ಕರಾವಳಿಯಿಂದ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ ಕಥೋಲಿಕರಲ್ಲಿ ಅಸಂಖ್ಯಾತರು ಅಳಿದಿದ್ದರು. ಉಳಿದವರು ಕುರುಬನಿಲ್ಲದ ಮಂದೆಯಂತೆ ಚದುರಿದ್ದರು. ಅವರನ್ನು ಒಗ್ಗೂಡಿಸಲು ಫ್ರೆಂಚ್ ಮಿಷನರಿ ವಂದನೀಯ ಅಬ್ಬೆ ದುಬಾಯ್ ಅವರು ಮೈಸೂರು ಸೀಮೆಗೆ ಬಂದರು. ಅವರನ್ನು ಕರೆಸಿಕೊಂಡವನು ಕರ್ನಲ್ ವೆಲ್ಲೆಸ್ಲಿಯೇ. ಆಗ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಡೆಯುತ್ತಿತ್ತೆಂಬುದನ್ನು ಗಮನಿಸಬೇಕು. ಹರೆಯದಲ್ಲಿ ಫ್ರಾನ್ಸಿನ ಆಂಜೇ ನಗರದಲ್ಲಿ ಓದಿದ ಕರ್ನಲನಿಗೆ ಫ್ರೆಂಚ್ ಭಾಷೆ ಬರುತ್ತಿತ್ತು. ಅಬ್ಬೆಯವರು 1823ರವರೆಗೆ ಈ ನಾಡಿನಲ್ಲಿ ದುಡಿದರು. ಸಿಡುಬಿಗೆ ದೇವಿ ಹಾಕುವ ಕಾರ್ಯವನ್ನು ಹಬ್ಬಿಸಿದರು. ನಮ್ಮ ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು.

ಕರ್ನಲನು 1805ರಲ್ಲಿ ಸ್ವದೇಶಕ್ಕೆ ಮರಳಿ, 1828ರ ಜನವರಿಯಲ್ಲಿ ಪ್ರಧಾನಮಂತ್ರಿಯಾದನು. ಕಥೋಲಿಕನಾದವನು ಪಾರ್ಲಿಮೆಂಟಿನಲ್ಲಿ ಕೂರುವಂತಿರಲಿಲ್ಲ, ಉನ್ನತ ಪದವಿಗಳನ್ನು ಹೊಂದುವಂತಿರಲಿಲ್ಲ. ವೆಲ್ಲಿಂಗ್ಟನ್ನನೂ ಈ ನಿರ್ಬಂಧದ ಪರವಾಗಿಯೇ ಇದ್ದವನು. ಅದೇ ವರ್ಷ ಐರ್ಲೆಂಡಿನ ಕ್ಲೇರ್ ಕ್ಷೇತ್ರದಲ್ಲಿ ಕಥೋಲಿಕ ನಾಯಕ ಡೇನಿಯಲ್ ಓಕಾನೆಲ್ ಚುನಾಯಿತನಾದಾಗ, ಅವನನ್ನು ತಡೆದರೆ ಅಂತರ್ಯುದ್ಧ ಖಂಡಿತವೆಂದು ಆ ಹಳೆಯ ಸೈನಿಕ ಕಂಡುಕೊಂಡನು. ತನ್ನ ನಿಲುವನ್ನು ಬದಲಿಸಿದನು. ದೊರೆ ನಾಲ್ಕನೆಯ ಜಾರ್ಜ್ ಒಪ್ಪದಿದ್ದಾಗ 1829ರ ಮಾರ್ಚ್ 4ರಂದು ಮಂತ್ರಿಮಂಡಲ ರಾಜೀನಾಮೆಯನ್ನಿತ್ತಿತು. ಅದೇ ರಾತ್ರಿ ದೊರೆ ಮಣಿದನು. ಡ್ಯೂಕನು ಕಪಟದಿಂದ ರೋಮಿನ ಧರ್ಮವನ್ನು ಒಳಗೆ ತರುತ್ತಿದ್ದಾನೆಂದು ವಿಂಚೆಲ್ಸಿ ಪ್ರಭು ಆಪಾದಿಸಿದಾಗ, ಮಾರ್ಚ್ 21ರಂದು ಪ್ರಧಾನಮಂತ್ರಿಯೇ ಬ್ಯಾಟರ್ಸಿ ಬಯಲಿನಲ್ಲಿ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ನಿಂತನು! ಇಬ್ಬರಿಗೂ ಗಾಯವಾಗಲಿಲ್ಲ, ಪ್ರಭು ಕ್ಷಮೆ ಕೇಳಿದನು. ದ್ವಂದ್ವಯುದ್ಧವನ್ನು ಧರ್ಮಸಭೆ ಖಂಡಿಸುತ್ತದೆ, ನಾನೂ ಸಮರ್ಥಿಸಲಾರೆ. ಪ್ರಭುಗಳ ಸಭೆಯಲ್ಲಿ ಆತನು, ಒಂದೇ ಒಂದು ತಿಂಗಳ ಅಂತರ್ಯುದ್ಧವನ್ನು ತಪ್ಪಿಸಲು ಪ್ರಾಣವನ್ನೇ ಕೊಡಬಲ್ಲೆನೆಂದು ನುಡಿದನು. ಎರಡನೆಯ ವಾಚನದಲ್ಲಿ ಮಸೂದೆಗೆ 105 ಮತಗಳ ಬಹುಮತ ದೊರೆಯಿತು. ಏಪ್ರಿಲ್ 13ರಂದು ಅದು ಕಾಯಿದೆಯಾಯಿತು.

ಇದು ಪ್ರೀತಿಯಿಂದ ಮಾಡಿದ ಕಾರ್ಯವಲ್ಲ. ಅದೇ ಸಮಯದಲ್ಲಿ ಐರ್ಲೆಂಡಿನ ಬಡ ಹಿಡುವಳಿದಾರರ ಮತದಾನದ ಹಕ್ಕನ್ನು ಕಿತ್ತುಕೊಳ್ಳಲಾಯಿತು. ನಮ್ಮ ಸನ್ಯಾಸಿ ಸಭೆಗಳ ಮೇಲೆ ಹೊಸ ನಿರ್ಬಂಧಗಳು ಬಂದವು. ಯೆಹೂದ್ಯರಿಗೆ ಇಂತಹದೇ ಹಕ್ಕು ನೀಡುವುದನ್ನು ಆತ ವಿರೋಧಿಸಿದನು. ಆದರೂ ಒಳ್ಳೆಯ ಮನಸ್ಸಿನವರು ವರ್ಷಗಟ್ಟಲೆ ಬೇಡಿ ಪಡೆಯಲಾಗದುದನ್ನು, ವಿವೇಕದಿಂದ ಹಟ ಬಿಟ್ಟ ಈ ಕಠಿಣ ಮನುಷ್ಯನು ಒಂದು ಚಳಿಗಾಲದಲ್ಲಿ ನೆರವೇರಿಸಿದನು. ದೇವರು ಎಂತೆಂತಹ ಕೈಗಳನ್ನು ಬಳಸಿಕೊಳ್ಳುತ್ತಾರೆಂದು ನಾನು ಹಲವು ವೇಳೆ ಯೋಚಿಸಿದ್ದೇನೆ.

ಇನ್ನು ಆ ಐದು ವರ್ಷದ ಬಾಲಕನ ಕಥೆ. 1831ರಲ್ಲಿ ಬ್ರಿಟಿಷರು ಮುಮ್ಮಡಿಯವರಿಂದ ಆಡಳಿತವನ್ನು ಕಸಿದುಕೊಂಡರು. ಅಧಿಕಾರವಿಲ್ಲದ ಆ ದಿನಗಳಲ್ಲೇ, 1843ರಲ್ಲಿ, ಇಂದು ಸಂತ ಫಿಲೋಮಿನಾ ಪ್ರಧಾನಾಲಯ ನಿಂತಿರುವ ಸ್ಥಳದಲ್ಲಿ ಅವರು ಕ್ರೈಸ್ತರಿಗೆ ದೇವಾಲಯವನ್ನು ಕಟ್ಟಿಸಿಕೊಟ್ಟರು. ಯಾವ ಕಾಯಿದೆಯೂ ಅವರನ್ನು ಒತ್ತಾಯಿಸಿರಲಿಲ್ಲ.

1829ರ ಕಾಯಿದೆ ತೆರೆದ ಬಾಗಿಲಿನಿಂದ ನಮ್ಮ ನಾಡಿಗೂ ಒಬ್ಬರು ಬಂದರು. ವೆಲ್ಲಿಂಗ್ಟನ್ನನಿಗೆ ಮುಂಚೆ ಪ್ರಧಾನಮಂತ್ರಿಯಾಗಿದ್ದ ಗೋಡ್ರಿಚ್ ಪ್ರಭುವಿಗೆ 1827ರಲ್ಲಿ ಒಬ್ಬ ಮಗ ಹುಟ್ಟಿದ್ದನು. ಆ ಮಗ ಮಾರ್ಕ್ವೆಸ್ ರಿಪನ್, 1874ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, 1880ರಲ್ಲಿ ಭಾರತದ ವೈಸರಾಯ್ ಆದರು. ಮೈಸೂರನ್ನು ಒಡೆಯರಿಗೆ ಹಿಂದಿರುಗಿಸುವ ನಿರ್ಧಾರ ಮೊದಲೇ ಆಗಿತ್ತು. ಅದು ಕೈಗೂಡಿದ್ದು ರಿಪನ್ನರ ಕಾಲದಲ್ಲಿ: 1881ರ ಮಾರ್ಚ್ 25ರಂದು ಮುಮ್ಮಡಿಯವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರು ರಾಜ್ಯಾಧಿಕಾರವನ್ನು ಮರಳಿ ಪಡೆದರು.